ದೊಡ್ಡವರಿಗೇ ಏನೂ ಆಗಲ್ಲ, ನಾನ್ಯಾಕೆ ದೂರು ಕೊಡ್ಲಿ?

ಪ್ರಶ್ನೆ: ವಕೀಲ ಸಾಹೇಬ್ರೇ, ನಾನು ಕೊಪ್ಪಳ ಜಿಲ್ಲೆಯವನು, ಊರ ಹೆಸರು ಹಾಕಬೇಡಿ. ಅಪ್ಪ ತೀರಿಕೊಂಡ ಮೇಲೆ ನಾಲ್ಕು ಎಕರೆ ಗದ್ದೆ ಅಣ್ಣನಿಗೂ ನನಗೂ ಪಾಲಾಗಿದೆ. ಅಳತೆ ಮಾಡಿ ಪಾಲು ಬೇರೆ ಮಾಡೋ ಪೋಡಿ ಆಗಬೇಕು. ಇಬ್ಬರೂ ಸಹಿ ಹಾಕಿ ಅರ್ಜಿ ಕೊಟ್ಟು ಎಂಟು ತಿಂಗಳಾಯ್ತು. ಸರ್ವೇಯರ್ ಹದಿನೈದು ಸಾವಿರ ಕೇಳ್ತಿದ್ದಾರೆ. ಲೋಕಾಯುಕ್ತಕ್ಕೆ ಹೋಗ್ತೀನಿ ಅಂದ್ರೆ ಸೋದರಮಾವ ಬೈತಾರೆ. "ಗಣಿ ಕೇಸು ನೋಡು, ಇಷ್ಟು ವರ್ಷ ಆದ್ಮೇಲೆ ತೀರ್ಪು ಬಂತು, ಒಂದು ತಿಂಗಳಿಗೆ ಜಾಮೀನು, ಹೋದ ಶಾಸಕ ಸ್ಥಾನವೂ ವಾಪಸ್. ನಿನ್ನ ಸರ್ವೇಯರ್ ಆರು ತಿಂಗಳಿಗೆ ಮತ್ತೆ ಖುರ್ಚಿ ಮೇಲೆ ಬಂದು ಕೂರ್ತಾನೆ, ನೀನು ಮಾತ್ರ ಜನ್ಮಪೂರ್ತಿ ಕೋರ್ಟಿಗೆ ತಿರುಗ್ತಿ" ಅಂತಾರೆ. ಇನ್ನೊಬ್ಬರು, ಈಗ ಸರ್ಕಾರದ ಅನುಮತಿ ಇಲ್ದೆ ನೌಕರರ ಮೇಲೆ ಕೇಸೇ ಆಗಲ್ಲ, ಲಂಚ ಕೊಟ್ಟವನೂ ಒಳಗೆ ಹೋಗ್ತಾನೆ ಅಂತಾರೆ. ಭತ್ತ ಮಾರಿದ ದುಡ್ಡು ಕೈಯಲ್ಲಿದೆ. ಕೊಟ್ಟು ಮುಗಿಸಿಬಿಡಲಾ?

ಉತ್ತರ: ಮೊದಲು ನಿಮ್ಮ ಮಾವನ ಪರವಾಗಿ ಎರಡು ಮಾತು. ಅವರ ಲೆಕ್ಕ ತಪ್ಪಿಲ್ಲ. ಓಬಳಾಪುರಂ ಗಣಿ ಕಂಪನಿಯ ಮೇಲೆ ಅಕ್ರಮ ಗಣಿಗಾರಿಕೆಯ ಸಿಬಿಐ ಪ್ರಕರಣ ದಾಖಲಾದದ್ದು 2009ರ ಡಿಸೆಂಬರ್‌ನಲ್ಲಿ. ಆ ಕಂಪನಿಯ ಮುಖ್ಯಸ್ಥ, ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿ ಅವರನ್ನು ಇದೇ ಬಳ್ಳಾರಿಯಿಂದ ಬಂಧಿಸಿ ಹೈದರಾಬಾದಿಗೆ ಕರೆದೊಯ್ದದ್ದು 2011ರ ಸೆಪ್ಟೆಂಬರ್ 5ರಂದು. ಹೈದರಾಬಾದಿನ ಸಿಬಿಐ ನ್ಯಾಯಾಲಯ ಅಪರಾಧಿ ಎಂದು ತೀರ್ಪು ಕೊಟ್ಟು 7 ವರ್ಷ ಶಿಕ್ಷೆ ಹೇಳಿದ್ದು 2025ರ ಮೇ 6ರಂದು. ಗಂಗಾವತಿಯ ಶಾಸಕ ಸ್ಥಾನ ಹೋಯಿತು. ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಆ ತೀರ್ಪನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು, ಶಾಸಕ ಸ್ಥಾನ ಮರಳಿತು. ನಡುವೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ದಿನಾಲೂ ವಿಚಾರಣೆ ನಡೆಸಿ ಆರು ತಿಂಗಳಲ್ಲಿ ಮುಗಿಸಿ ಎಂದಿತ್ತು. ಆ ಆರು ತಿಂಗಳು ಎರಡೂವರೆ ವರ್ಷವಾಯಿತು. ಇದನ್ನೆಲ್ಲ ಕಣ್ಣಾರೆ ಕಂಡವರು "ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ" ಅಂತ ಗಾದೆ ಹೇಳಿದರೆ ನಾನು ಜಗಳಕ್ಕೆ ಹೋಗಲ್ಲ.

ಆದರೆ ಆ ಕೇಸಿನಿಂದ ನಿಮ್ಮ ಕೇಸಿಗೆ ಪಾಠ ತೆಗೆಯುವಾಗ ಮಾವ ಎಡವಿದ್ದಾರೆ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕ್ರಿಮಿನಲ್ ವಕಾಲತ್ತು ಮಾಡಿದ್ದೇನೆ, ಲಂಚ ತೆಗೆದುಕೊಳ್ಳುವಾಗ ಬಲೆ ಹಾಕಿ ಹಿಡಿಯುವ ಟ್ರ್ಯಾಪ್ ಕೇಸುಗಳಲ್ಲಿ ಹೆಚ್ಚಾಗಿ ಆರೋಪಿ ನೌಕರರ ಪರ. ಅಂದರೆ ಇಂಥ ಕೇಸು ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದೇ ನನ್ನ ಕಸುಬು. ಆ ಕಡೆಯಿಂದ ನೋಡಿದವನಾಗಿ ಹೇಳುತ್ತಿದ್ದೇನೆ.

ಜನಕ್ಕೆ ಜಾಸ್ತಿ ಗೊಂದಲ ಇರುವುದು ಜಾಮೀನಿನ ಬಗ್ಗೆ. ಅದನ್ನು ಮುಗಿಸಿಬಿಡೋಣ. ಕೆಳ ಕೋರ್ಟಿನ ತೀರ್ಪಿನ ಮೇಲೆ ಮೇಲ್ಮನವಿ ಹಾಕುವುದು ಎಲ್ಲರ ಹಕ್ಕು, ನಿಮ್ಮ ಸರ್ವೇಯರ್‌ಗೂ ಇದೆ. ಮೇಲ್ಮನವಿ ಮುಗಿಯಲು ವರ್ಷಗಟ್ಟಲೆ ಬೇಕು, ಅಲ್ಲಿವರೆಗೆ ಒಳಗಿಟ್ಟು ಕೊನೆಗೆ ಖುಲಾಸೆಯಾದರೆ ಕಳೆದ ವರ್ಷಗಳನ್ನು ಯಾರೂ ವಾಪಸ್ ಕೊಡಲಾರರು ಅಂತ ಶಿಕ್ಷೆಯನ್ನು ಅಮಾನತಿನಲ್ಲಿಡುತ್ತಾರೆ. ಇದು ಜಾಮೀನು. ಶಾಸಕ ಸ್ಥಾನ ಉಳಿಯಲು ಇದು ಸಾಲದು. 2013ರ ಜುಲೈನಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯಾದರೆ ಆ ಕ್ಷಣವೇ ಸ್ಥಾನ ಹೋಗುತ್ತದೆ. ಮರಳಬೇಕಾದರೆ 'ಅಪರಾಧಿ' ಎಂಬ ತೀರ್ಮಾನಕ್ಕೇ ತಡೆ ಸಿಗಬೇಕು. 2023ರಲ್ಲಿ ರಾಹುಲ್ ಗಾಂಧಿ ಅವರ ಮಾನನಷ್ಟ ಪ್ರಕರಣದಲ್ಲಿ ಆದದ್ದೂ ಇದೇ. ಹೀಗೆ ತಡೆ ಸಿಕ್ಕಿತೆಂದರೆ ನಿರ್ದೋಷಿ ಅಂತಲೂ ಅಲ್ಲ, ಕೇಸು ಮುಗಿಯಿತು ಅಂತಲೂ ಅಲ್ಲ. ಕೇಸು ಹೈಕೋರ್ಟಿನ ಕಪಾಟಿಗೆ ಹೋಗಿದೆ ಅಷ್ಟೆ. ಆ ಕಪಾಟು ತುಂಬಾ ದೊಡ್ಡದು, ಅದು ಬೇರೆ ಮಾತು.

ಇನ್ನು ದೊಡ್ಡ ಕೇಸುಗಳು ಯಾಕೆ ಹೀಗಾಗುತ್ತವೆ? ಎಲ್ಲರೂ ನ್ಯಾಯಾಧೀಶರನ್ನು ಬೈಯುತ್ತಾರೆ. ನಾನು ಕಂಡಂತೆ ಕೇಸು ಕೋರ್ಟಿನಲ್ಲಿ ಸಾಯುವುದು ಕಡಿಮೆ, ಕೋರ್ಟಿಗೆ ಬರುವ ದಾರಿಯಲ್ಲೇ ಅರ್ಧ ಜೀವ ಹೋಗಿರುತ್ತದೆ.

2011ರ ಜುಲೈ ಕೊನೆಯ ವಾರ ನೆನಪಿಸಿಕೊಳ್ಳಿ, ನೀವು ಆಗ ಸಣ್ಣವರಿದ್ದಿರಬಹುದು. 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ. 29ಕ್ಕೆ ಸುಪ್ರೀಂ ಕೋರ್ಟಿನಿಂದ ಬಳ್ಳಾರಿಯಲ್ಲಿ ಗಣಿಗಾರಿಕೆ ಬಂದ್. 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ಅವರ ರಾಜೀನಾಮೆ. ಹೊಸಪೇಟೆ ರಸ್ತೆಯಲ್ಲಿ ಲಾರಿ ಸಾಲು ನಿಂತುಹೋಗಿ ಮನೆ ಕಿಟಕಿ ಮೇಲಿನ ಕೆಂಪು ಧೂಳು ಕಡಿಮೆಯಾದದ್ದು ನನಗೆ ಇನ್ನೂ ನೆನಪಿದೆ. ಇನ್ನು ಎಲ್ಲರೂ ಜೈಲಿಗೆ ಅಂತ ಕೋರ್ಟ್ ಆವರಣದ ಚಹಾ ಅಂಗಡಿಯಲ್ಲಿ ಪಂದ್ಯ ಕಟ್ಟಿದವರಿದ್ದರು. ಆಮೇಲೆ? ಹೆಗ್ಡೆ ಅವರ ಅವಧಿ ಮುಗಿಯಿತು, ಬಂದ ಹೊಸ ಲೋಕಾಯುಕ್ತರು ಸೆಪ್ಟೆಂಬರ್‌ನಲ್ಲೇ ರಾಜೀನಾಮೆ ಕೊಟ್ಟರು, ಮುಂದಿನವರು ಬಂದದ್ದು 2013ರ ಫೆಬ್ರವರಿಯಲ್ಲಿ. ಯಾರನ್ನು ನೇಮಿಸಬೇಕು ಅನ್ನುವ ಹಗ್ಗಜಗ್ಗಾಟದಲ್ಲಿ ಒಂದೂವರೆ ವರ್ಷದ ಹತ್ತಿರ ಖುರ್ಚಿ ಖಾಲಿ, ಅದೂ ಕಬ್ಬಿಣ ಬಿಸಿಯಿದ್ದ ಹೊತ್ತಿನಲ್ಲಿ. ಗಣಿ ಕಂಪನಿಯಿಂದ ಹಣ ಪಡೆದರೆಂಬ ಕೇಸಿನಲ್ಲಿ ಯಡಿಯೂರಪ್ಪ ಅವರನ್ನು 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ವರದಿಯಲ್ಲಿ ಹೆಸರು ಬರುವುದು ಬೇರೆ, ಕಟಕಟೆಯಲ್ಲಿ ಸಾಬೀತಾಗುವುದು ಬೇರೆ. ವರದಿ ಎಷ್ಟೇ ದಪ್ಪ ಇದ್ದರೂ ಅದು ಸಾಕ್ಷಿ ಆಗಲ್ಲ. ಅದರಲ್ಲಿರುವ ಒಂದೊಂದು ಕಾಗದಕ್ಕೂ ಒಬ್ಬೊಬ್ಬ ಮನುಷ್ಯ ಬಂದು "ಹೌದು, ಇದು ನಾನೇ ಬರೆದದ್ದು" ಅನ್ನಬೇಕು.

ತನಿಖೆ ಸಂಸ್ಥೆಯದು ಇನ್ನೊಂದು ಕಥೆ. 2016ರ ಮಾರ್ಚ್‌ನಲ್ಲಿ ಸರ್ಕಾರ ತನ್ನದೇ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮಾಡಿ ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಹಲ್ಲು ವಾಪಸ್ ಕೊಟ್ಟಿತು. ನಡುವೆ ಕಡತಗಳು ಆ ಕಟ್ಟಡದಿಂದ ಈ ಕಟ್ಟಡಕ್ಕೆ. ಈಚಿನದು ಬೇಕಾ? 2024ರ ಆಗಸ್ಟ್‌ನಲ್ಲಿ ಮೈಸೂರಿನ ಮುಡಾ ನಿವೇಶನ ಹಂಚಿಕೆ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ತನಿಖೆಗೆ ರಾಜ್ಯಪಾಲರು ಅನುಮತಿ ಕೊಟ್ಟರು, ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 26ಕ್ಕೆ ಸಂಪುಟ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನೇ ಹಿಂತೆಗೆದುಕೊಂಡಿತು. ಮುಂದಿನ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಇಲ್ಲ ಎಂದು ವರದಿ ಕೊಟ್ಟರು. ನಮ್ಮ ಬಳ್ಳಾರಿಯವರೇ ಆದ ಮಾಜಿ ಸಚಿವ ನಾಗೇಂದ್ರ ಅವರ ವಿಷಯದಲ್ಲಿ, ವಾಲ್ಮೀಕಿ ನಿಗಮದ 187 ಕೋಟಿ ವರ್ಗಾವಣೆ ಕೇಸು, ರಾಜ್ಯದ ಎಸ್‌ಐಟಿಯ ಆರೋಪಪಟ್ಟಿಯಲ್ಲಿ ಅವರ ಹೆಸರಿಲ್ಲ, ಕೇಂದ್ರದ ಇ.ಡಿ.ಯ (ಜಾರಿ ನಿರ್ದೇಶನಾಲಯ) ಪಟ್ಟಿಯಲ್ಲಿ ಅವರೇ ಮುಖ್ಯ ಆರೋಪಿ. ಅವರು ಆರೋಪ ಅಲ್ಲಗಳೆದಿದ್ದಾರೆ, ಅದು ಕೋರ್ಟ್ ತೀರ್ಮಾನಿಸಲಿ. ನಾನು ಹೇಳುವುದು ಇಷ್ಟೇ. ಒಂದೇ ಹಣ, ಎರಡು ಸರ್ಕಾರ, ಎರಡು ಕಥೆ. ಆರೋಪಿಯ ವಕೀಲನಿಗೆ ಇದಕ್ಕಿಂತ ಹಬ್ಬ ಬೇರೆ ಬೇಕಾ? ಎರಡನ್ನೂ ಪಕ್ಕಪಕ್ಕ ಇಟ್ಟು "ಯಾವುದು ನಿಜ ಸ್ವಾಮಿ?" ಅಂದರೆ ಸಾಕು. ಬೆಂಗಳೂರಿನಲ್ಲಿ ಒಂದು ಪಕ್ಷ, ದಿಲ್ಲಿಯಲ್ಲಿ ಇನ್ನೊಂದು ಇದ್ದಾಗ ಪ್ರತಿ ಕೇಸೂ ಮೊದಲು ರಾಜಕೀಯ ಆಗುತ್ತದೆ, ಆಮೇಲೆ ಕೇಸು. ಇದರಲ್ಲಿ ಯಾವ ಪಕ್ಷವೂ ತೊಳೆದ ಮುತ್ತಲ್ಲ.

ಈಗ ನಿಮ್ಮ ಹದಿನೈದು ಸಾವಿರಕ್ಕೆ ಬನ್ನಿ. ಮೇಲೆ ಹೇಳಿದ ಕಾಯಿಲೆಗಳಲ್ಲಿ ನಿಮ್ಮ ಕೇಸಿಗೆ ಬರುವುದು ತುಂಬಾ ಕಡಿಮೆ. ಇಲ್ಲಿ ರಾಜ್ಯಪಾಲರಿಲ್ಲ, ಸಂಪುಟವಿಲ್ಲ, ಸಾವಿರ ಪುಟದ ಬ್ಯಾಂಕ್ ಲೆಕ್ಕ ಇಲ್ಲ.

ಅನುಮತಿ ಇಲ್ಲದೆ ಕೇಸೇ ಆಗಲ್ಲ ಅಂತ ಹೇಳಿದವರು 2018ರ ತಿದ್ದುಪಡಿಯ ಅರ್ಧ ಓದಿದ್ದಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆಗ 17ಎ ಅಂತ ಕಲಂ ಸೇರಿತು. ಅಧಿಕಾರಿ ಕಚೇರಿ ಕೆಲಸದಲ್ಲಿ ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡಲು ಮೊದಲು ಅನುಮತಿ ಬೇಕು, ನಿಜ. ಆದರೆ ಲಂಚ ತೆಗೆದುಕೊಳ್ಳುವಾಗ ಸ್ಥಳದಲ್ಲೇ ಹಿಡಿದರೆ ಆ ಅನುಮತಿ ಬೇಡ ಅಂತ ಅದೇ ಕಲಮಿನಲ್ಲಿ ಬರೆದಿದೆ. ಟ್ರ್ಯಾಪ್‌ಗೆ ಯಾರ ಸಹಿಯೂ ಬೇಡ. ಆಮೇಲೆ ಕೋರ್ಟ್ ವಿಚಾರಣೆಗೆ ಮೊದಲು 19ನೇ ಕಲಂ ಪ್ರಕಾರ ಇಲಾಖೆಯ ಮಂಜೂರಾತಿ ಬೇಕು. ಅದಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಎಂಬ ಗಡುವಿದೆ. ಗಡುವು ಮೀರುವುದೂ ಇದೆ, ಸುಳ್ಳು ಹೇಳಲ್ಲ. ಆದರೂ ಸಾಕ್ಷಿ ಗಟ್ಟಿ ಇರುವ ಟ್ರ್ಯಾಪ್‌ನಲ್ಲಿ ಒಬ್ಬ ಸರ್ವೇಯರ್‌ಗೋಸ್ಕರ ಮೇಲಿನ ಅಧಿಕಾರಿ ಕಡತ ಹಿಡಿದು ಕೂರುವುದನ್ನು ನಾನು ಜಾಸ್ತಿ ನೋಡಿಲ್ಲ. ಶಾಸಕರಿಗೆ ಸಿಗುವ ಆಸರೆ ಸರ್ವೇಯರ್‌ಗೆ ಸಿಗಲ್ಲ.

"ಕೊಟ್ಟವನೂ ಒಳಗೆ" ಎಂಬ ಮಾತೂ ಅರ್ಧ ನಿಜ. 2018ರಿಂದ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಎರಡು ಬಾಗಿಲು ತೆರೆದಿವೆ. ಮೊದಲೇ ಪೊಲೀಸರಿಗೆ ತಿಳಿಸಿ, ಅವರು ಹೇಳಿದಂತೆ ಕೊಟ್ಟರೆ ನಿಮಗೆ ಏನೂ ಆಗಲ್ಲ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ಹೋಗಿ ಹೇಳಬೇಕು. ಎಂಟನೇ ದಿನ ಬಂದು "ಸರ್ ಕೊಟ್ಟೆ, ಕೆಲಸ ಆಗ್ಲಿಲ್ಲ" ಅಂದವರನ್ನು ನೋಡಿದ್ದೇನೆ, ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಭತ್ತದ ದುಡ್ಡು ಕೊಟ್ಟು ಮುಗಿಸುವ ದಾರಿಯಲ್ಲಿ ಕೂಡ ಮುಗಿಯುವುದು ಗ್ಯಾರಂಟಿ ಇಲ್ಲ. ಕೊಟ್ಟವರು ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಿದೆ, ನಿಮ್ಮ ಮೇಲೆ ತೀರ್ಪು ಕೊಡಲು ನಾನು ಕೂತಿಲ್ಲ.

ಟ್ರ್ಯಾಪ್ ಹೇಗೆ ನಡೆಯುತ್ತದೆ ಅಂದರೆ, ಜಿಲ್ಲಾ ಲೋಕಾಯುಕ್ತ ಪೊಲೀಸ್ ಕಚೇರಿಗೆ ಹೋಗಿ ಲಿಖಿತ ದೂರು ಕೊಡುತ್ತೀರಿ. ಮೊದಲು ಅವರು ಬೇಡಿಕೆ ನಿಜವಾ ಅಂತ ನೋಡುತ್ತಾರೆ, ಸಾಮಾನ್ಯವಾಗಿ ನಿಮ್ಮ ಕೈಯಲ್ಲಿ ವಾಯ್ಸ್ ರೆಕಾರ್ಡರ್ ಕೊಟ್ಟು ಮಾತಾಡಿಸುತ್ತಾರೆ. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರಾಗಿ, ಅಂದರೆ ಸ್ಥಳದಲ್ಲಿದ್ದು ನೋಡುವ ಸಾಕ್ಷಿಗಳಾಗಿ ಬರುತ್ತಾರೆ. ನೀವು ತಂದ ನೋಟುಗಳ ನಂಬರ್ ಬರೆದುಕೊಂಡು ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಆ ಪುಡಿ ಕಣ್ಣಿಗೆ ಕಾಣಲ್ಲ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಬ್ಬ ಪಂಚ ನಿಮ್ಮ ಜೊತೆಗೇ ಇದ್ದು ಮಾತು ಕೇಳಿಸಿಕೊಳ್ಳುತ್ತಾನೆ. ಆ ನೋಟುಗಳು ಜಪ್ತಿಯಾಗುತ್ತವೆ. ನಿಮ್ಮ ಹಣ ಯಾವಾಗ, ಹೇಗೆ ವಾಪಸ್ ಬರುತ್ತದೆ ಅಂತ ಅಧಿಕಾರಿಯನ್ನು ಅವತ್ತೇ ಕೇಳಿ, ನಾಚಿಕೆ ಬೇಡ.

ಸಿನಿಮಾ ನೋಡಿದವರಿಗೆ ಕೈ ಕೆಂಪಾದರೆ ಕೇಸು ಗೆದ್ದಂತೆ ಅನ್ನಿಸುತ್ತದೆ. ಹಾಗಿಲ್ಲ. ಹಣ ಸಿಕ್ಕರಷ್ಟೇ ಸಾಲದು, ಅವನು ಕೇಳಿದ್ದು ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕೇಳಿದ್ದು, ತೆಗೆದುಕೊಂಡದ್ದು ಎರಡೂ ನಿಂತರೆ ಮಾತ್ರ ಅದು ಲಂಚವೇ ಎಂದು ಕೋರ್ಟ್ ಊಹಿಸಿಕೊಳ್ಳುತ್ತದೆ, ಅಲ್ಲ ಅಂತ ತೋರಿಸುವ ಭಾರ ಅವನ ಮೇಲೆ ಬೀಳುತ್ತದೆ. ಆರೋಪಿಯ ಪರ ನಾವು ಆಡುವ ಮಾತುಗಳು ಮೂರು ನಾಲ್ಕೇ ಇವೆ. ಅದು ಕೈಸಾಲ ವಾಪಸ್ ಕೊಟ್ಟದ್ದು. ಅದು ಸರ್ಕಾರಿ ಫೀಸು. ಅವನೇ ಜೇಬಿಗೆ ತುರುಕಿದ. ಕೆಲಸ ನನ್ನ ಹತ್ತಿರ ಬಾಕಿಯೇ ಇರಲಿಲ್ಲ. ಕೊನೆಯದು ಬಹಳ ಸಲ ಕೆಲಸ ಮಾಡುತ್ತದೆ. ಹಾಗಾಗಿ ಹೋಗುವ ಮೊದಲು ನಿಮ್ಮ ಕಡತ ನಿಜವಾಗಿ ಆ ಸರ್ವೇಯರ್ ಹತ್ತಿರವೇ ಇದೆಯಾ, ಇಲ್ಲ ಮೇಲಿನ ಮೇಜಿಗೆ ಹೋಗಿದೆಯಾ ತಿಳಿದುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಆದ ಮಾತು ಇದ್ದರೆ ಆ ಫೋನನ್ನೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿ ಮೂಲ ಅಳಿಸಬೇಡಿ, ಕತ್ತರಿಸಬೇಡಿ. ಅವರನ್ನು ಮಾತಿಗೆ ಎಳೆದು "ಎಷ್ಟು ಬೇಕು, ಹೇಳಿ ಹೇಳಿ" ಅಂತ ಒತ್ತಾಯ ಮಾಡಲೂ ಬೇಡಿ. ಅದು ನಮ್ಮ ಕೆಲಸ ಸಲೀಸು ಮಾಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬಿದ್ದುಹೋಗುವ ಕೇಸುಗಳಿವೆ. ಯಾಕೆ ಬೀಳುತ್ತವೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ನೌಕರನ ಪರ ನಾನಿದ್ದೆ. ರೆಕಾರ್ಡಿಂಗ್ ಸ್ಪಷ್ಟ, ನೀರು ಗುಲಾಬಿ, ಪಂಚರು ಗಟ್ಟಿ. ಸೋಲುತ್ತೀನಿ ಅಂತಲೇ ಕೋರ್ಟಿಗೆ ಹೋದೆ. ದೂರುದಾರ ಕಟಕಟೆ ಹತ್ತಿ, "ಏನೋ ಸಿಟ್ಟಿನಲ್ಲಿ ದೂರು ಕೊಟ್ಟಿದ್ದೆ, ಸಾಹೇಬರು ಏನೂ ಕೇಳಿರಲಿಲ್ಲ" ಅಂದ. ಆಮೇಲೆ ಗೊತ್ತಾಯಿತು, ಆರೋಪಿ ಅವನನ್ನು ಹೆದರಿಸಿರಲೇ ಇಲ್ಲ. ಅವನ ಮನೆಯ ಹಿರಿಯರೇ ಕೂರಿಸಿ ಹೇಳಿದ್ದರು, ಹೆಂಡತಿ ಮಕ್ಕಳಿರುವ ಮನುಷ್ಯ, ನಮ್ಮವನೇ, ಬಿಟ್ಟುಬಿಡು ಅಂತ. ನನ್ನ ಕಕ್ಷಿದಾರ ಖುಲಾಸೆಯಾದ. ಫೀಸು ತೆಗೆದುಕೊಂಡೆ, ಊಟ ಸೇರಲಿಲ್ಲ ಅಂತ ಹೇಳಿದರೆ ನಾಟಕ ಆಗುತ್ತದೆ, ಸೇರಿತು. ಆದರೆ ಆ ದೂರುದಾರನ ಮುಖ ಮರೆತಿಲ್ಲ.

ಈಗ ಹಾಗೆ ತಿರುಗಿ ನಿಂತರೂ ಕೇಸು ತಾನಾಗಿ ಬೀಳಲ್ಲ. 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ದೂರುದಾರ ಸತ್ತರೂ, ತಿರುಗಿ ಬಿದ್ದರೂ, ಬೇರೆ ಸಾಕ್ಷಿಗಳಿಂದ, ಸಂದರ್ಭದಿಂದ ಬೇಡಿಕೆ ಸಾಬೀತು ಮಾಡಬಹುದು ಎಂದಿದೆ. ನಮ್ಮಂಥವರ ಕೆಲಸ ಸ್ವಲ್ಪ ಕಷ್ಟವಾಗಿದೆ.

ಮಾವ ಹೇಳಿದ ಆರು ತಿಂಗಳ ಮಾತು? ಅದೂ ಸುಳ್ಳಲ್ಲ. ಬಂಧನವಾಗಿ 48 ತಾಸು ದಾಟಿದರೆ ಅಮಾನತು. ಕೆಲವು ತಿಂಗಳ ನಂತರ ಬೇರೆ ಊರಿನಲ್ಲಿ, ಬೇರೆ ಮೇಜಿನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಮೂಲು. ಆದರೆ ಕೋರ್ಟ್ ಕೇಸಿನ ಪಕ್ಕದಲ್ಲೇ ಇಲಾಖಾ ವಿಚಾರಣೆ ನಡೆಯುತ್ತದೆ. ಅಲ್ಲಿ ಕ್ರಿಮಿನಲ್ ಕೋರ್ಟಿನಷ್ಟು ಕಟ್ಟುನಿಟ್ಟಾದ ಸಾಕ್ಷಿ ಬೇಡ, ಬಡ್ತಿ ನಿಲ್ಲುತ್ತದೆ, ಕೆಲಸವೂ ಹೋಗಬಹುದು. ನನ್ನ ಹತ್ತಿರ ಬರುವ ನೌಕರರು ಜೈಲಿಗಿಂತ ಜಾಸ್ತಿ ಹೆದರುವುದು ಇದಕ್ಕೆ, ಪೆನ್ಷನ್ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ.

ನಿಮ್ಮ ತಿರುಗಾಟದ ಲೆಕ್ಕ ಹೇಳುತ್ತೇನೆ. ಕಾಯ್ದೆಯ ಪ್ರಕಾರ ವಿಚಾರಣೆ ಎರಡು ವರ್ಷದಲ್ಲಿ ಮುಗಿಸಲು ಯತ್ನಿಸಬೇಕು, ಎಳೆದರೂ ಸಾಮಾನ್ಯವಾಗಿ ನಾಲ್ಕು ವರ್ಷ ಮೀರಬಾರದು. ಮೀರುತ್ತದೆ. ತನಿಖಾಧಿಕಾರಿಗೆ ವರ್ಗ, ಪ್ರಯೋಗಾಲಯದ ವರದಿ ತಡ, ನಮ್ಮ ಕಡೆಯಿಂದ ಹೈಕೋರ್ಟಿಗೆ ಒಂದು ಅರ್ಜಿ, ಕೊಪ್ಪಳ ಬಳ್ಳಾರಿಯದಾದರೆ ಧಾರವಾಡಕ್ಕೆ, ರಾಯಚೂರಿನದಾದರೆ ಕಲಬುರಗಿಗೆ. ಆದರೆ ಆ ವಾಯಿದೆಗಳೆಲ್ಲ ಆರೋಪಿಯವು. ನಿಮ್ಮನ್ನು ಕರೆಯುವುದು ಸಾಕ್ಷಿ ಹೇಳಲು. ಎರಡು ಮೂರು ಸಲ, ತೀರಾ ಹೆಚ್ಚೆಂದರೆ ನಾಲ್ಕೈದು ಸಲ. ನಿಮ್ಮ ಪರ ಸರ್ಕಾರಿ ವಕೀಲರೇ ಇರುತ್ತಾರೆ, ಫೀಸು ಕೊಡಬೇಕಿಲ್ಲ. ನಿಜವಾದ ತೊಂದರೆ ಬೇರೆ. ಟ್ರ್ಯಾಪ್ ಆದ ಮೇಲೆ ಅದೇ ಕಚೇರಿಯ ಉಳಿದವರು ನಿಮ್ಮ ಪೋಡಿ ಕಡತವನ್ನು ಮುಟ್ಟಲು ಹಿಂಜರಿಯುತ್ತಾರೆ. ಮೂಲ ಕಡತವನ್ನು ಪೊಲೀಸರು ಜಪ್ತಿ ಮಾಡಿದ್ದರೆ ಇನ್ನೂ ತಡ. ಅರ್ಜಿ, ಪಹಣಿ, ಪಾಲುಪತ್ರ ಎಲ್ಲದರ ದೃಢೀಕೃತ ಪ್ರತಿ ಮೊದಲೇ ತೆಗೆದಿಟ್ಟುಕೊಳ್ಳಿ, ಇದನ್ನು ಮರೆತು ಒದ್ದಾಡಿದವರು ಬಹಳ.

ಟ್ರ್ಯಾಪ್ ಬೇಡ, ಕೆಲಸ ಆದರೆ ಸಾಕು ಅನ್ನುವುದಾದರೆ ಅದೂ ತಪ್ಪಲ್ಲ. ಅರ್ಜಿಯ ಸ್ವೀಕೃತಿಯಲ್ಲಿ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕೆಂಬ ಕಾಯ್ದೆ) ಸಂಖ್ಯೆ ಇದೆಯಾ ನೋಡಿ. ಗಡುವು ಮುಗಿದಿದ್ದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಇದೆ, ಆ ಹಣ ನಗು ಬರುವಷ್ಟೇ, ಆದರೆ ತಡ ಮಾಡಿದವರ ಹೆಸರಿಗೆ ಅದು ದಾಖಲಾಗುತ್ತದೆ. ಮಾಹಿತಿ ಹಕ್ಕಿನಲ್ಲಿ "ನನ್ನ ಕಡತ ಎಂಟು ತಿಂಗಳಲ್ಲಿ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು" ಅಂತ ಒಂದೇ ಪ್ರಶ್ನೆ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಹಳ ಕಡೆ ಉತ್ತರದ ಬದಲು ಕೆಲಸವೇ ಆಗಿಬಿಡುತ್ತದೆ. ಲೋಕಾಯುಕ್ತಕ್ಕೆ ಪ್ರಮಾಣಪತ್ರದ ಜೊತೆ ದೂರು ಕೊಡುವ ದಾರಿಯೂ ಇದೆ. ಅದು ನಿಧಾನ, ಮತ್ತು ಬೇಕಂತಲೇ ಸುಳ್ಳು ದೂರು ಕೊಟ್ಟರೆ ಶಿಕ್ಷೆಯೂ ಇದೆ. ಒಂದು ಎಚ್ಚರಿಕೆ. ಇವನ್ನೆಲ್ಲ ಮಾಡಿದ ಮೇಲೆ ಟ್ರ್ಯಾಪ್‌ಗೆ ಹೋದರೆ ಸರ್ವೇಯರ್ ಆಗಲೇ ಹುಷಾರಾಗಿರುತ್ತಾರೆ, ಹಣ ಮುಟ್ಟಲ್ಲ. ಹಾಗಾಗಿ ಯಾವ ದಾರಿ ಅಂತ ಮೊದಲೇ ತೀರ್ಮಾನಿಸಿ.

ನೀವು ಟ್ರ್ಯಾಪ್ ಅಂತಲೇ ನಿರ್ಧರಿಸಿದರೆ, ನನ್ನದು ಎರಡೇ ಪ್ರಶ್ನೆ. ಈ ವಿಷಯ ಇಲ್ಲಿಯವರೆಗೆ ಎಷ್ಟು ಜನಕ್ಕೆ ಹೇಳಿದ್ದೀರಿ? ಮಾವ, "ಇನ್ನೊಬ್ಬರು", ಈಗ ನಾನು, ಆಗಲೇ ಮೂರಾಯಿತು. ನಾಲ್ಕನೆಯವರು ಆ ಕಚೇರಿಯ ಮುಂದಿನ ಜೆರಾಕ್ಸ್ ಅಂಗಡಿಯವರಾಗದಿರಲಿ. ಎರಡನೆಯದು, ನಿಮ್ಮ ಪತ್ರದಲ್ಲಿ ಅಣ್ಣ ಏನಂದರು ಅಂತ ಇಲ್ಲ. ಅರ್ಜಿಯಲ್ಲಿ ಅವರ ಸಹಿಯೂ ಇದೆ, ಗದ್ದೆಯಲ್ಲಿ ಅರ್ಧ ಅವರದು, ನಾಳೆ ರಾಜಿಗೆ ಬರುವವರು ಮೊದಲು ಬರುವುದು ಅವರ ಮನೆಗೆ. ಲೋಕಾಯುಕ್ತ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಅವರ ಜೊತೆ ಕೂತು ಮಾತಾಡಿ. ಅವರು ಒಪ್ಪದಿದ್ದರೆ ಸಕಾಲದ ದಾರಿ ಹಿಡಿಯಿರಿ.